ಮೂವತ್ತು ದಿನ, ಮೂವತ್ತು ಪುಟ

ನವೆಂಬರ್ ತಿಂಗಳಿಡೀ ಕನ್ನಡದ ಬಾವುಟ ಹಾರುತ್ತದೆ. ಅದೇ ತಿಂಗಳಲ್ಲಿ ನಮ್ಮ ಮಕ್ಕಳು ದಿನಕ್ಕೊಂದು ಪುಟ ಸ್ವಂತ ಕನ್ನಡ ಬರೆದರೆ ಹೇಗೆ?

ಮಂಡ್ಯದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಬಸರಾಳು ಸಿಗುತ್ತದೆ. ಹೆಸರಿಗೆ ಹೋಬಳಿ ಕೇಂದ್ರ, ನೋಡಲು ನಮ್ಮ ಸೀಮೆಯ ಎಲ್ಲ ಊರುಗಳಂತೆ ಒಂದು ಊರು. ಆದರೆ ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ಮುಂದೆ ನಿಂತವರು ಬೇಗ ಹಿಂದಿರುಗುವುದಿಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಗುಡಿ ಇದು. ಗೋಡೆಯ ಮೇಲೆ ಹದಿನಾರು ಕೈಗಳ ನಟರಾಜ, ಕೈಲಾಸವನ್ನೇ ಎತ್ತುತ್ತಿರುವ ರಾವಣ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ ಇದ್ದಾರೆ. ಗುಡಿಯನ್ನು ಕಟ್ಟಿಸಿದ್ದು ಯಾರು, ಯಾವಾಗ ಎಂಬುದು ನಮಗೆ ತಿಳಿದದ್ದು ಹೇಗೆ? ಆ ಕಾಲದವರು ಅದನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದರಿಂದ.

ಈಗ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಸರಾಳು ಇರಲಿ, ಮದ್ದೂರು ಇರಲಿ, ಮಳವಳ್ಳಿ ಇರಲಿ, ಹೈಸ್ಕೂಲಿಗೆ ಹೋಗುವ ನಿಮ್ಮ ಮಗನನ್ನೋ ಮಗಳನ್ನೋ ಕರೆದು, ‘ನಮ್ಮೂರ ಗುಡಿಯ ಬಗ್ಗೆ ಒಂದು ಪುಟ ಬರಿ’ ಎನ್ನಿ. ಮಗು ಪೆನ್ನು ಹಿಡಿದು ನಿಮ್ಮ ಮುಖ ನೋಡುತ್ತದೆ. ಗೈಡಿನಲ್ಲಿ ಈ ಪ್ರಬಂಧ ಇಲ್ಲವಲ್ಲ! ‘ರಾಷ್ಟ್ರೀಯ ಹಬ್ಬಗಳ ಮಹತ್ವ’ ಕೇಳಿದರೆ ಮೂರು ಪುಟ ಬಾಯಿಪಾಠವಿದೆ. ದಿನಾ ಕಣ್ಣೆದುರಿಗಿರುವ ಗುಡಿಯ ಬಗ್ಗೆ ಮೂರು ಸಾಲಿಲ್ಲ.

ತಪ್ಪು ಮಗುವಿನದಲ್ಲ. ನಾವು ಅದಕ್ಕೆ ಬರೆಯುವುದನ್ನು ಕಲಿಸಿದ್ದೇವೆಯೇ ಹೊರತು ಬರೆಯುವ ಅಭ್ಯಾಸವನ್ನು ಮಾಡಿಸಿಲ್ಲ. ಈಜುವುದು ಹೇಗೆಂದು ದಡದಲ್ಲಿ ನಿಂತು ಪಾಠ ಹೇಳಿ, ನೀರಿಗೆ ಮಾತ್ರ ಇಳಿಸದೆ ಇದ್ದ ಹಾಗಾಯಿತು. ಒಂದೇ ಒಂದು ತಿಂಗಳು ಮಕ್ಕಳನ್ನು ಆ ನೀರಿಗೆ ಇಳಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಇಪ್ಪತ್ತೊಂದು ಜನರ ಪಂದ್ಯ

ತಿಂಗಳ ಕಾಲ ಪಟ್ಟು ಹಿಡಿದು ಬರೆಯುವ ಪಂದ್ಯಕ್ಕೆ ಜಗತ್ತಿನಲ್ಲೆಲ್ಲ ಹೆಸರು ತಂದವನು ಅಮೆರಿಕದ ಕ್ರಿಸ್ ಬೇಟಿ ಎಂಬ ಯುವಕ. 1999ರ ಜುಲೈನಲ್ಲಿ, ತನ್ನ 26ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಗೆಳೆಯರನ್ನು ಸೇರಿಸಿ ಅವನೊಂದು ಪಂಥ ಕಟ್ಟಿದ: ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯಬೇಕು. ಅಂದರೆ ದಿನಕ್ಕೆ ಸರಿಸುಮಾರು 1,667 ಪದ. ಸೇರಿದವರು 21 ಜನ, ಗುರಿ ಮುಟ್ಟಿದವರು ಆರೇ ಜನ. ಮರುವರ್ಷ ಪಂದ್ಯವನ್ನು ನವೆಂಬರಿಗೆ ಬದಲಾಯಿಸಿದರು. ಅಲ್ಲಿ ಆ ತಿಂಗಳು ಚಳಿ, ಮೋಡ. ಮನೆಯೊಳಗೆ ಕೂರದೆ ಬೇರೆ ದಾರಿಯಿಲ್ಲ. ಆ ಸಲ 140 ಜನ ಸೇರಿ 29 ಜನ ಮುಗಿಸಿದರು. ಆಮೇಲೆ ಅದು ಬೆಳೆದ ಪರಿ ಅಚ್ಚರಿಯದು. ವರ್ಷವರ್ಷವೂ ಲಕ್ಷಗಟ್ಟಲೆ ಜನ, ಶಾಲೆಯ ಮಕ್ಕಳೂ ಸೇರಿ, ನವೆಂಬರಿನಲ್ಲಿ ಬರೆಯತೊಡಗಿದರು.

ಅದರಲ್ಲಿ ಬಹುಪಾಲು ಬರಹ ಹೊರಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೆ ಸಾರಾ ಗ್ರೂಯೆನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’ (2006), ಎರಿನ್ ಮಾರ್ಗೆನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ (2011) ಮೊದಲಾದ ಹೆಸರುವಾಸಿ ಕಾದಂಬರಿಗಳ ಮೊದಲ ಕರಡು ಹುಟ್ಟಿದ್ದು ಇಂಥ ನವೆಂಬರುಗಳಲ್ಲೇ. ಮೊದಲ ಕರಡು ಎಂಬ ಮಾತನ್ನು ನೆನಪಿನಲ್ಲಿಡಿ. ಅದನ್ನು ತಿದ್ದಿ ಪುಸ್ತಕ ಮಾಡುವುದಕ್ಕೆ ಅವರಿಗೆ ಮತ್ತೆ ಬಹಳ ಕಾಲ ಹಿಡಿಯಿತು.

ಆ ಸಂಸ್ಥೆ ಈಗಿಲ್ಲ. ಹಣದ ತೊಂದರೆ ಮತ್ತು ಕೆಲವು ವಿವಾದಗಳ ನಡುವೆ 2025ರ ಮಾರ್ಚ್ ಕೊನೆಯಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಸಂಸ್ಥೆ ಹೋದರೇನು? ಪಂದ್ಯಕ್ಕೆ ಬೇಕಾದದ್ದು ಒಂದು ಕ್ಯಾಲೆಂಡರು, ಒಂದು ನೋಟ್‌ಬುಕ್ಕು, ಜೊತೆಗೆ ಹಟ. ಈ ಮೂರನ್ನೂ ಯಾರೂ ಮುಚ್ಚಲಾರರು.

ಕನ್ನಡಕ್ಕೆ ನಮ್ಮದೇ ಲೆಕ್ಕ

ಮಕ್ಕಳಿಗೆ ದಿನಕ್ಕೆ 1,667 ಪದದ ಲೆಕ್ಕ ಹೇಳಿದರೆ ಮೊದಲ ದಿನವೇ ಓಡಿಹೋಗುತ್ತಾರೆ. ಅದೂ ಅಲ್ಲದೆ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ‘ಬರೆಯಬೇಕಾಗಿತ್ತಲ್ಲ’ ಎಂಬುದು ನಮಗೆ ಒಂದೇ ಪದ. ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಆದ್ದರಿಂದ ಪದ ಎಣಿಸುವುದನ್ನು ಬಿಟ್ಟು ಪುಟ ಎಣಿಸೋಣ. ಸಾಲಿಗೆ ಆರು ಪದ, ಪುಟಕ್ಕೆ ಇಪ್ಪತ್ತು ಸಾಲು ಎಂದಿಟ್ಟುಕೊಂಡರೆ ದಿನಕ್ಕೆ 120 ಪದವಾಯಿತು. ಮೂವತ್ತು ದಿನಕ್ಕೆ 3,600 ಪದ. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಏಳನೇ ತರಗತಿಗಿಂತ ಚಿಕ್ಕವರಾದರೆ ಅರ್ಧ ಪುಟವೇ ಸಾಕು.

ತಿಂಗಳೂ ನಮಗೆ ಒದಗಿ ಬಂದಿದೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1973ರ ಅದೇ ದಿನ ಅದಕ್ಕೆ ಕರ್ನಾಟಕ ಎಂಬ ಹೆಸರಾಯಿತು. ಈ ತಿಂಗಳಲ್ಲಿ ಮಾತ್ರ ಕನ್ನಡ ನೆನಪಾಗುವವರನ್ನು ‘ನವೆಂಬರ್ ಕನ್ನಡಿಗರು’ ಎಂದು ಗೇಲಿ ಮಾಡುವುದುಂಟು. ಆ ಗೇಲಿಗೆ ಒಳ್ಳೆಯ ಉತ್ತರ ದಿನಕ್ಕೊಂದು ಪುಟ ಕನ್ನಡ. ದಸರಾ ರಜೆ ಮುಗಿದಿರುತ್ತದೆ, ವಾರ್ಷಿಕ ಪರೀಕ್ಷೆ ದೂರವಿರುತ್ತದೆ. ಹೊಲದಲ್ಲಿ ರಾಗಿ ಕುಯ್ಲು ಶುರುವಾಗಿ ಬರೆಯಲು ಬೇಕಾದಷ್ಟು ವಿಷಯವೂ ಇರುತ್ತದೆ.

ಗುಣ ಆಮೇಲೆ, ಮೊದಲು ಗಣತಿ

‘ದಿನಾ ಬರೆದರೆ ಬರೀ ಕಸ ತುಂಬುವುದಿಲ್ಲವೇ? ಅಪರೂಪಕ್ಕೊಮ್ಮೆ ಚೆನ್ನಾಗಿ ಬರೆಯುವುದು ಮೇಲಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಬರೆಯಲು ಕೂತ ಮಗುವನ್ನು ಕಟ್ಟಿಹಾಕುವುದು ಅಜ್ಞಾನವಲ್ಲ, ಭಯ. ಕಾಗುಣಿತ ತಪ್ಪಾದರೆ? ಮೇಷ್ಟ್ರು ನಕ್ಕರೆ? ‘ಚೆನ್ನಾಗಿ ಬರಿ’ ಎಂದಷ್ಟೂ ಭಯ ಹೆಚ್ಚುತ್ತದೆ. ‘ಹೇಗಾದರೂ ಬರಿ, ಪುಟ ತುಂಬಿಸು’ ಎಂದಾಗ ಕೈ ಸಡಿಲವಾಗುತ್ತದೆ. ಮೊದಲ ವಾರದ ಬರಹ ಸಪ್ಪೆಯಾಗಿರುತ್ತದೆ, ಇರಲಿ. ಬೋರ್‌ವೆಲ್ಲಿನಲ್ಲಿ ಮೊದಲು ಬರುವುದು ಕೆಸರು ನೀರೇ.

ದೊಡ್ಡವರ ಕಥೆಯೂ ಹೀಗೇ ಇದೆ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಐದೂವರೆಗೆ ಬರೆಯಲು ಕೂತು, ಗಡಿಯಾರವನ್ನು ಮೇಜಿನ ಮೇಲಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ಹೀಗೆ ಬರೆದದ್ದು 47 ಕಾದಂಬರಿ.

ಅಷ್ಟು ದೂರ ಹೋಗುವುದೇಕೆ? ಮಂಡ್ಯದಲ್ಲೇ 1928ರಲ್ಲಿ ಹುಟ್ಟಿದ ತ್ರಿವೇಣಿಯವರನ್ನು ನೋಡಿ. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ, ಅವರು ತೀರಿಕೊಂಡದ್ದು 1963ರಲ್ಲಿ. ನಡುವಿನ ಹತ್ತೇ ವರ್ಷಗಳಲ್ಲಿ ಇಪ್ಪತ್ತು ಕಾದಂಬರಿ ಬರೆದರು. ಇಂದಿನ ಅಪ್ಪ ಅಮ್ಮಂದಿರು ಸಿನಿಮಾ ಆಗಿ ನೋಡಿರುವ ‘ಬೆಳ್ಳಿಮೋಡ’, ‘ಶರಪಂಜರ’ ಎರಡೂ ಅವರವೇ. ಸ್ಫೂರ್ತಿ ಬರಲೆಂದು ಕಾಯುತ್ತ ಕೂತವರಿಂದ ಇಷ್ಟು ಕೆಲಸ ಆಗುವುದಿಲ್ಲ.

ಹಾಗೆಂದು ವೇಗವೇ ಎಲ್ಲವೂ ಅಲ್ಲ. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ ಮುಗಿಸಲು ಒಂಬತ್ತು ವರ್ಷ ಹಿಡಿಯಿತು. ದಿನದ ಪಾಲು ದೊಡ್ಡದಿರಲಿ, ಸಣ್ಣದಿರಲಿ, ಕೈ ನಿಲ್ಲದಿರುವುದು ಮುಖ್ಯ.

ಏನು ಬರೆಯುವುದು?

ಪಂದ್ಯ ಮುರಿಯುವುದೇ ಈ ಪ್ರಶ್ನೆಯಲ್ಲಿ. ದಿನಾ ಕೂತು ವಿಷಯ ಹುಡುಕಿದರೆ ಇಪ್ಪತ್ತು ನಿಮಿಷವೂ ಅದಕ್ಕೇ ಹೋಗುತ್ತದೆ. ಅದಕ್ಕಾಗಿ ತಿಂಗಳನ್ನು ನಾಲ್ಕು ವಾರ ಮಾಡಿ, ವಾರಕ್ಕೊಂದು ಕೆಲಸ ಹಂಚಿಕೊಳ್ಳಿ.

ಮೊದಲ ವಾರ ಕಣ್ಣಿನದು. ಕಂಡದ್ದನ್ನು ಮಾತ್ರ ಬರೆಯಬೇಕು, ಉಪದೇಶ ಕೂಡದು. ಬಸ್‌ಸ್ಟ್ಯಾಂಡಿನ ಬೆಳಗಿನ ಏಳು ಗಂಟೆ, ಸಂತೆಯ ಒಂದು ಅಂಗಡಿ, ಗುಡಿಯ ಗೋಡೆಯ ಒಂದೇ ಒಂದು ಶಿಲ್ಪ ಸಾಕು. ಆಲೆಮನೆಗೆ ಹೋದರೆ ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಮೇಲೆ ಬರುವ ಕೊಳೆಯನ್ನು ಹೇಗೆ ತೆಗೆಯುತ್ತಾರೆ, ಪಾಕ ಬಂತೆಂದು ಹೇಗೆ ಗುರುತಿಸುತ್ತಾರೆ, ಅಚ್ಚಿಗೆ ಹೊಯ್ಯುವವರು ಯಾರು ಎಂದು ನೋಡಿ ಬರೆಯಲಿ. ‘ಬೆಲ್ಲ ನಮ್ಮ ಜಿಲ್ಲೆಯ ಹೆಮ್ಮೆ’ ಎಂಬ ಸಾಲು ಬೇಡ.

ಎರಡನೇ ವಾರ ಕಿವಿಯದು. ಮನೆಯವರ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ಮೆದೆ, ಕಣ, ಒಕ್ಕಣೆ, ಕೊಳಗ, ಖಂಡುಗ ಎಂಬ ಪದಗಳಿಗೆ ಅಜ್ಜಿಯ ಬಾಯಿಂದಲೇ ಅರ್ಥ ಕೇಳಲಿ. ಖಂಡುಗಕ್ಕೆ ಎಷ್ಟು ಕೊಳಗ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಇಪ್ಪತ್ತು. ಒಗಟು, ಸೋಬಾನೆ, ಗಾದೆ ಎಲ್ಲವೂ ಈ ವಾರದ ಸರಕು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದೂ ಹಳ್ಳಿಗರ ಹಾಡು-ಕಥೆಗಳನ್ನು ಕೇಳಿ ಕೇಳಿ ಬರೆದಿಟ್ಟರು. ರಾಮನಗರದ ಬಳಿಯ ಜಾನಪದ ಲೋಕ ಅವರ ಆ ಹುಚ್ಚಿನ ಫಲ.

‘ನಮ್ಮ ಹಳ್ಳಿ ಮಾತು ಬರೆದರೆ ತಪ್ಪಲ್ಲವೇ?’ ಎಂಬ ಸಂಕೋಚ ಬೇಡ. ಪರೀಕ್ಷೆಗೆ ಗ್ರಂಥಭಾಷೆ ಬೇಕು, ನಿಜ. ಆದರೆ ಮದ್ದೂರು ತಾಲ್ಲೂಕಿನ ಡಾ. ಬೆಸಗರಹಳ್ಳಿ ರಾಮಣ್ಣನವರು ಸರ್ಕಾರಿ ವೈದ್ಯರಾಗಿದ್ದುಕೊಂಡೇ ಈ ನೆಲದ ಮಾತಿನಲ್ಲಿ ಕಥೆ ಬರೆದು ಕನ್ನಡದ ಮುಖ್ಯ ಕಥೆಗಾರರಾದರು. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿದ್ದೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಮೂರನೇ ವಾರ ಪ್ರಶ್ನೆಯದು. ದಿನಕ್ಕೊಬ್ಬರನ್ನು ಮಾತನಾಡಿಸಿ ಬರೆಯಬೇಕು. ಕಂಡಕ್ಟರ್, ಡೇರಿಗೆ ಹಾಲು ಹಾಕಲು ಬಂದ ಹೆಂಗಸು, ಅಂಚೆಯವರು, ರೇಷ್ಮೆ ಹುಳು ಸಾಕುವವರು ಯಾರಾದರೂ ಆದೀತು. ‘ನಿಮ್ಮ ಕೆಲಸದಲ್ಲಿ ತುಂಬ ಕಷ್ಟದ ಭಾಗ ಯಾವುದು?’ ಎಂಬ ಒಂದೇ ಪ್ರಶ್ನೆ ಒಂದು ಪುಟ ಕೊಡುತ್ತದೆ. ಮನೆಯಲ್ಲಿ ಅಪ್ಪನನ್ನೇ ಈ ಪ್ರಶ್ನೆ ಕೇಳಿದರೆ ಏನಾಗಬಹುದು? ಬಹುಶಃ ಇಬ್ಬರಿಗೂ ಅದು ಮರೆಯದ ಸಂಜೆಯಾದೀತು.

ನಾಲ್ಕನೇ ವಾರ ಅಭಿಪ್ರಾಯದ್ದು. ಊರಿನ ಬೀದಿ ದೀಪದ ಬಗ್ಗೆ ಪಂಚಾಯಿತಿಗೆ ಪತ್ರ, ಓದಿದ ಪುಸ್ತಕದ ಬಗ್ಗೆ ಗೆಳತಿಗೆ ಕಾಗದ, ಒಪ್ಪದ ಗಾದೆಯೊಂದರ ಮೇಲೆ ಜಗಳ ಬರೆಯಬಹುದು. ಇಲ್ಲಿಗೆ ಬರುವ ಹೊತ್ತಿಗೆ ಹುಡುಗನ ಬುತ್ತಿಯಲ್ಲಿ ಮೂರು ವಾರದ ಕಣ್ಣು, ಕಿವಿ, ಮಾತುಕತೆ ಇರುತ್ತದೆ. ಅಭಿಪ್ರಾಯ ಬರಿದೇ ಕೂಗಾಗದೆ ಕಂಡದ್ದರ ಮೇಲೆ ನಿಲ್ಲುತ್ತದೆ.

ಉಳಿದ ಎರಡು ದಿನ, 29 ಮತ್ತು 30, ಇಡೀ ನೋಟ್‌ಬುಕ್ಕನ್ನು ಓದಿ, ‘ನನಗೆ ಹಿಡಿಸಿದ ಪುಟ ಯಾವುದು, ಏಕೆ?’ ಎಂದು ಬರೆಯುವುದಕ್ಕೆ.

ವಿಷಯ ಸಣ್ಣದಾಯಿತೆಂದು ಬೇಸರ ಪಡಬೇಡಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು ದಿನನಿತ್ಯದ ಸಣ್ಣ ಸಂಗತಿಗಳನ್ನೇ ಹಿಡಿದು ಬರೆದು, ‘ಹಗಲುಗನಸುಗಳು’ ಎಂಬ ಸಂಕಲನದಿಂದ ಕನ್ನಡ ಲಲಿತ ಪ್ರಬಂಧಕ್ಕೆ ದೊಡ್ಡ ಹೆಸರು ತಂದರು.

ಎರಡು ಬಗೆಯ ನೀರು

ಇದರಿಂದ ಪರೀಕ್ಷೆಗೆ ಲಾಭವೇನು ಎಂಬುದು ತಂದೆತಾಯಿಗಳ ಪ್ರಶ್ನೆ. ಒಂದು ಉದಾಹರಣೆ ನೋಡಿ. ‘ನೀರಿನ ಮಹತ್ವ’ ಎಂಬ ಪ್ರಬಂಧ ಗೈಡಿನಲ್ಲಿ ಹೀಗೆ ಶುರುವಾಗುತ್ತದೆ ಎನ್ನಿ: ‘ನೀರು ಪ್ರಕೃತಿ ಮಾನವನಿಗೆ ನೀಡಿರುವ ಅತ್ಯಮೂಲ್ಯ ಕೊಡುಗೆಯಾಗಿದೆ. ನೀರಿಲ್ಲದೆ ಜೀವನವನ್ನು ಊಹಿಸಲೂ ಸಾಧ್ಯವಿಲ್ಲ.’ ಸಾವಿರ ಮಕ್ಕಳು ಇದನ್ನೇ ಬರೆಯುತ್ತಾರೆ.

ತಿಂಗಳು ಬರೆದು ಕೈ ಪಳಗಿದ ಹುಡುಗಿ ಹೀಗೆ ಶುರು ಮಾಡಬಹುದು: ‘ನಮ್ಮ ಬೀದಿಗೆ ನೀರು ಬಿಡುವುದು ಎರಡು ದಿನಕ್ಕೊಮ್ಮೆ. ಬೆಳಗ್ಗೆ ಐದಕ್ಕೆ ನಲ್ಲಿ ಗೊರಗೊರ ಅಂದರೆ ಅವ್ವ ಒಲೆ ಬಿಟ್ಟು ಓಡುತ್ತಾಳೆ. ನಾನು ಬಿಂದಿಗೆ ಎಣಿಸುತ್ತೇನೆ. ಹದಿನಾಲ್ಕು ತುಂಬಿದರೆ ಆ ದಿನ ಅವ್ವ ಬೈಯುವುದಿಲ್ಲ.’

ಪದಗಳೆಲ್ಲ ಸುಲಭ, ಆದರೆ ಉತ್ತರಪತ್ರಿಕೆಗಳ ರಾಶಿಯ ನಡುವೆ ಇದನ್ನು ಓದಿದವರ ಕೈ ಒಂದು ಗಳಿಗೆ ನಿಲ್ಲುತ್ತದೆ. ಅಂಕದ ಮಾತು ಹಾಗಿರಲಿ, ಬಾಯಿಪಾಠ ಮಾಡಿದ ವಿಷಯ ಪರೀಕ್ಷೆಯಲ್ಲಿ ಬರದಿದ್ದರೂ ಈ ಹುಡುಗಿ ಹೆದರುವುದಿಲ್ಲ. ಮುಂದೆ ಕೆಲಸಕ್ಕೆ ಅರ್ಜಿ, ಕಚೇರಿಗೆ ದೂರು, ಬ್ಯಾಂಕಿಗೆ ಮನವಿ ಬರೆಯಬೇಕಾದಾಗ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವುದಿಲ್ಲ. ನಿಜವಾದ ಲಾಭ ಅದು.

ಇನ್ನೊಂದು ಮಾತು. ಮೊದಲು ಗೈಡು ಇತ್ತು, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೇಳಿದ ವಿಷಯಕ್ಕೆ ಫೋನೇ ಪ್ರಬಂಧ ಬರೆದುಕೊಡುತ್ತದೆ. ಆದರೆ ಅವ್ವ ಹದಿನಾಲ್ಕು ಬಿಂದಿಗೆ ತುಂಬಿದ್ದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಅದು ಗೊತ್ತಿರುವುದು ಆ ಮನೆಯ ಮಗುವಿಗೆ ಮಾತ್ರ. ಆದ್ದರಿಂದ ಈ ತಿಂಗಳ ಬರಹ ಕೈಯಲ್ಲೇ ಆಗಲಿ.

ಒಂದು ದಿನ ತಪ್ಪಿದರೆ?

ತಪ್ಪುತ್ತದೆ. ಜ್ವರ ಬರುತ್ತದೆ, ಮದುವೆ ಇರುತ್ತದೆ, ಕರೆಂಟು ಹೋಗುತ್ತದೆ. ಒಂದು ದಿನ ತಪ್ಪಿತೆಂದು ‘ಎಲ್ಲಾ ಕೆಟ್ಟಿತು’ ಎಂದು ನೋಟ್‌ಬುಕ್ ಮುಚ್ಚುವವರೇ ಹೆಚ್ಚು. ಇದಕ್ಕೊಂದು ಸಮಾಧಾನವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ, ಹೊಸ ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನಡುಮಟ್ಟದ ಲೆಕ್ಕ 66 ದಿನ. ಕೆಲವರಿಗೆ 18 ದಿನವೇ ಸಾಕು, ಕೆಲವರಿಗೆ 254 ದಿನವಾದರೂ ಬೇಕಾದೀತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ.

ಇದರಿಂದ ಎರಡು ಪಾಠ ಸಿಗುತ್ತವೆ. ತಪ್ಪಿದ ದಿನಕ್ಕೆ ಅಳಬೇಡಿ, ಮರುದಿನ ಎರಡು ಪುಟದ ದಂಡವೂ ಬೇಡ, ಒಂದೇ ಪುಟ ಬರೆದು ಮುಂದೆ ನಡೆಯಿರಿ. ಮೂವತ್ತು ದಿನಕ್ಕೇ ಎಲ್ಲ ಸಿದ್ಧಿಸಿತೆಂದೂ ತಿಳಿಯಬೇಡಿ. ತಿಂಗಳು ಮುಗಿದ ಮೇಲೂ ವಾರಕ್ಕೆ ಎರಡು ಪುಟವಾದರೂ ಉಳಿಸಿಕೊಂಡರೆ ಬೀಜ ಬೇರು ಬಿಡುತ್ತದೆ. ಬರೆಯುವ ಹೊತ್ತು ಮತ್ತು ಜಾಗ ದಿನಾ ಒಂದೇ ಆಗಿದ್ದರೆ ಸುಲಭ. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ ಎಂದು ಗೊತ್ತುಮಾಡಿ.

ಅಪ್ಪ ಅಮ್ಮಂದಿರಿಗೆ ಮೂರು ಮಾತು

ಒಂದು, ತಿಂಗಳು ಮುಗಿಯುವವರೆಗೆ ಕೆಂಪು ಶಾಯಿ ಮುಟ್ಟಬೇಡಿ. ಅಕಾರ-ಹಕಾರದ ತಪ್ಪು ಇರಲಿ, ಡಿಸೆಂಬರಿನಲ್ಲಿ ತಿದ್ದಿದರಾಯಿತು.

ಎರಡು, ಕೇಳದೆ ಓದಬೇಡಿ. ಮಗು ತೋರಿಸಿದ ಪುಟ ನಿಮ್ಮದು, ತೋರಿಸದ ಪುಟ ಅದರದು. ಯಾರೋ ಕದ್ದು ಓದುತ್ತಾರೆಂಬ ಅನುಮಾನ ಬಂದ ದಿನವೇ ಬರಹ ಸುಳ್ಳಾಗುತ್ತದೆ.

ಮೂರು, ಓದು ಬರಹ ಬಾರದ ತಾಯಂದಿರೂ ಈ ಪಂದ್ಯದಲ್ಲಿ ಪಾಲುದಾರರು. ರೊಟ್ಟಿ ತಟ್ಟುತ್ತಲೇ, ‘ಮಗ, ಅದೇನ್ ಬರ್ದಿದ್ದೀಯೋ ವಸಿ ಓದ್ಲಾ, ಕೇಳಾಣ’ ಎಂದರೆ ಸಾಕು. ಗಟ್ಟಿಯಾಗಿ ಓದುವಾಗ ಎಡವಿದ ಸಾಲು ಯಾವುದೆಂದು ಬರೆದವನಿಗೇ ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ತಿದ್ದುಪಡಿ ಇಲ್ಲ.

ಡಿಸೆಂಬರಿನ ಕೆಲಸ

ಬರೆಯುವುದು ಒಂದು ಕೆಲಸ, ತಿದ್ದಿ ಬರೆಯುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಕೆಡುತ್ತವೆ.

ಆನ್ ಫ್ರಾಂಕ್ ಹೆಸರು ಕೇಳಿರಬಹುದು. 1942ರ ಜೂನ್ 12ರಂದು, ಹದಿಮೂರನೇ ಹುಟ್ಟುಹಬ್ಬಕ್ಕೆ ಅವಳಿಗೆ ಒಂದು ದಿನಚರಿ ಪುಸ್ತಕ ಸಿಕ್ಕಿತು. ತಿಂಗಳೊಳಗೆ ನಾಜಿಗಳಿಗೆ ಹೆದರಿ ಅವಳ ಕುಟುಂಬ ಆಮ್ಸ್‌ಟರ್‌ಡ್ಯಾಮಿನ ಕಟ್ಟಡವೊಂದರಲ್ಲಿ ಅಡಗಿಕೊಳ್ಳಬೇಕಾಯಿತು. ಅಲ್ಲಿ ಅವಳು ಬರೆಯುತ್ತಲೇ ಹೋದಳು. 1944ರ ಮಾರ್ಚಿನಲ್ಲಿ, ಯುದ್ಧಕಾಲದ ದಿನಚರಿ-ಪತ್ರಗಳನ್ನು ಮುಂದೆ ಸಂಗ್ರಹಿಸಬೇಕೆಂದು ಡಚ್ ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿದಳು. ಕೆಲವು ವಾರಗಳಲ್ಲೇ ತನ್ನ ಹಳೆಯ ಪುಟಗಳನ್ನು ತೆರೆದು, ಕೆಲವನ್ನು ಬಿಟ್ಟು, ಕೆಲವನ್ನು ಬೆಳೆಸಿ, ಬಿಡಿಹಾಳೆಗಳ ಮೇಲೆ ಮತ್ತೆ ಬರೆಯತೊಡಗಿದಳು. ಆಗಸ್ಟ್ 1ರ ನಂತರ ಅವಳಿಗೆ ಬರೆಯುವ ಅವಕಾಶ ಸಿಗಲಿಲ್ಲ. 1947ರಲ್ಲಿ ಪುಸ್ತಕವಾಗಿ ಜಗತ್ತು ಓದಿದ್ದು, ಮೊದಲು ಭಯವಿಲ್ಲದೆ ಬರೆದು ಆಮೇಲೆ ಶ್ರದ್ಧೆಯಿಂದ ತಿದ್ದಿದ ಆ ಹುಡುಗಿಯ ಪುಟಗಳನ್ನು.

ನಮ್ಮ ಮಕ್ಕಳೂ ಡಿಸೆಂಬರಿನಲ್ಲಿ ತಮ್ಮ ಮೂವತ್ತರಲ್ಲಿ ಮೂರು ಪುಟ ಆರಿಸಿಕೊಳ್ಳಲಿ. ಗಟ್ಟಿಯಾಗಿ ಓದಿ, ಬೇಡದ ಸಾಲು ಹೊಡೆದು, ಕಾಗುಣಿತ ಸರಿಮಾಡಿ ಹೊಸದಾಗಿ ಬರೆಯಲಿ. ಒಂದನ್ನು ಶಾಲೆಯ ಗೋಡೆಪತ್ರಿಕೆಗೆ ಕೊಡಲಿ, ಒಂದನ್ನು ದೂರದೂರಿನ ಅಜ್ಜನಿಗೋ ಅತ್ತೆಗೋ ಅಂಚೆಯಲ್ಲಿ ಕಳಿಸಲಿ, ಒಂದು ಮನೆಯ ಟ್ರಂಕಿನಲ್ಲಿರಲಿ. ಉಪಾಧ್ಯಾಯರು ಮನಸ್ಸು ಮಾಡಿದರೆ ತರಗತಿಯ ನಲವತ್ತು ಮಕ್ಕಳಿಂದ ನಲವತ್ತು ಪುಟ ಸೇರಿ ಊರಿನದೇ ಒಂದು ಪುಸ್ತಕವಾಗುತ್ತದೆ. ಅಂಥ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮತ್ತೆ ಬಸರಾಳಿನ ಗುಡಿಗೆ ಬರೋಣ. ಗೋಡೆಯ ಬುಡದಲ್ಲಿ ಸಾಲುಸಾಲಾಗಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆಗಳು ಸುತ್ತುವರಿದಿವೆ. ಆ ಸಾಲನ್ನು ಯಾವ ಶಿಲ್ಪಿಯೂ ಒಂದೇ ದಿನದಲ್ಲಿ ಕಡೆದಿರಲಾರ. ಇವತ್ತು ಗೇಣುದ್ದ, ನಾಳೆ ಗೇಣುದ್ದ. ಎಂಟುನೂರು ವರ್ಷದ ಹತ್ತಿರ ಬಂದರೂ ಆ ಕಲ್ಲು ತನ್ನ ಕಥೆ ಹೇಳುತ್ತಲೇ ಇದೆ.

ಈ ಕಾಲದ ಕಥೆ ಬರೆಯಬೇಕಾದವರು ಅದರ ಪಕ್ಕದ ಬೀದಿಯ ಮಕ್ಕಳು. ಅವರಿಗೆ ಒಂದು ನೋಟ್‌ಬುಕ್ ತಂದುಕೊಡಿ. ಮೊದಲ ಪುಟದ ಮೇಲೆ ತಾರೀಖು ಅವರೇ ಹಾಕಲಿ.